ಎಂಬತ್ತನಾಲ್ಕು ಕೈಗಳು

ನಮ್ಮ ಸೀಗಡಿ ಸಂಡಿಗೆ ಕಾರ್ಖಾನೆಯ ಪ್ರಧಾನ ನಿರ್ದೇಶಕರಾದ ಕುಸ್ನಾನ್ ದಿನಾ ಬೆಳಿಗ್ಗೆ ಏಳಕ್ಕೆ ಬಂದು ಕಾರು ನಿಲ್ಲಿಸುತ್ತಾರೆ. ಆಮೇಲೆ ಏಳೆಂಟು ನಿಮಿಷ ಇಳಿಯದೆ ಒಳಗೇ ಕೂತಿರುತ್ತಾರೆ. ಸಾಹೇಬರು ದುವಾ ಮಾಡುತ್ತಿದ್ದಾರೆ ಎಂದು ಗೇಟಿನ ಕಾವಲುಗಾರ ಹೊಸಬರಿಗೆಲ್ಲ ಹೇಳುತ್ತಾನೆ. ದುವಾನೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅವರ ಕೋಣೆಯ ಬಾಗಿಲ ಹೊರಗೆ ಮೇಜು ಹಾಕಿಕೊಂಡು ಕೂತಿರುವ ಕಾರ್ಯದರ್ಶಿ ನಾನು, ಮುರ್ನಿಯಾತಿ. ನನಗೆ ಗೊತ್ತು. ಅವರಿಗೆ ಇಳಿಯಲು ಮನಸ್ಸು ಬರುವುದಿಲ್ಲ.

ಇಳಿದ ಕೂಡಲೇ ಶುರುವಾಗುತ್ತದೆ. ಉಗಿಯ ಬಾಯ್ಲರಿನ ಪರೀಕ್ಷೆಗೆ ಸರ್ಕಾರದವನು ಬಂದಿರುತ್ತಾನೆ. ಒಂದು ಡಬ್ಬಿಯಲ್ಲಿ ಗುಬ್ಬಿಯ ಪುಕ್ಕ ಸಿಕ್ಕಿದ್ದೇಕೆ ಎಂದು ಕಡಲಾಚೆಯ ವ್ಯಾಪಾರಿ ಕಾಗದ ಬರೆದಿರುತ್ತಾನೆ. ಸಂಡಿಗೆ ಹೆಚ್ಚುವವನ ಅತ್ತೆ ತೀರಿಕೊಂಡಿರುತ್ತಾಳೆ. ನಿರ್ದೇಶಕರು ಹೋಗಿ ಮುಂದಿನ ಸಾಲಿನಲ್ಲಿ ಕೂರದಿದ್ದರೆ ಆ ಕೇರಿ ಏಳು ವರ್ಷ ಅದನ್ನೇ ಆಡುತ್ತದೆ. ಮದುವೆಗೆ ಹೋದರೆ ಭಾಷಣ, ಮಗು ಹುಟ್ಟಿದರೆ ಹೆಸರು, ಇಬ್ಬರು ಜಗಳವಾಡಿದರೆ ಪಂಚಾಯಿತಿ. ಏನು ಕೆಟ್ಟರೂ ಕುಸ್ನಾನರ ಹೆಸರು, ಏನು ಒಳ್ಳೆಯದಾದರೂ ದೇವರ ಹೆಸರು. ಮೇಲೆ ಮಾಲೀಕರು, ಕೆಳಗೆ ಮುನ್ನೂರ ತೊಂಬತ್ತು ಕೆಲಸಗಾರರು, ನಡುವೆ ಇವರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

ಅವರು ಈ ಕುರ್ಚಿಗೆ ಹುಟ್ಟಿದವರಲ್ಲ. ಹದಿನೇಳನೇ ವಯಸ್ಸಿನಲ್ಲಿ ಇದೇ ಸಿದೊವಾರ್ಜೊ ಊರಿನ ಇದೇ ಅಂಗಳಕ್ಕೆ ಬಿದಿರು ತಟ್ಟಿ ಹೊರಲು ಬಂದರು. ನಮ್ಮಲ್ಲಿ ಸೀಗಡಿ ಹಿಟ್ಟನ್ನು ಉದ್ದುದ್ದ ಉರುಳೆ ಮಾಡಿ ಬೇಯಿಸಿ, ತೆಳ್ಳಗೆ ಹೆಚ್ಚಿ, ತಟ್ಟಿಯ ಮೇಲೆ ಹರಡಿ ಬಿಸಿಲಿಗೆ ಇಡುತ್ತೇವೆ. ಹರಡುವವರು, ಮಗುಚುವವರು, ಎತ್ತುವವರು ಎಲ್ಲ ಹೆಂಗಸರೇ. ಮೋಡ ಕಂಡವರು "ಮೋಡ" ಎಂದು ಕೂಗಿದರೆ ಕಾವಲುಗಾರನಿಂದ ಹಿಡಿದು ಲೆಕ್ಕ ಬರೆಯುವವರವರೆಗೆ ಎಲ್ಲರೂ ಕೈಲಿದ್ದದ್ದು ಬಿಟ್ಟು ಓಡಿ ಹೋಗಿ ತಟ್ಟಿ ಎತ್ತಬೇಕು. ಸ್ಥಾಪಕರಾದ ಅಬಾ ಸೊಲೆಹ್ ಕಾಲದಿಂದ ಅದು ಕಾನೂನು. ಕುಸ್ನಾನ್ ನಿರ್ದೇಶಕರಾದ ಮೇಲೂ ಓಡುತ್ತಿದ್ದರು. ಒಮ್ಮೆ ದೂರದೇಶದ ವ್ಯಾಪಾರಿಗಳ ಎದುರು ಮಾತು ಅರ್ಧಕ್ಕೆ ಬಿಟ್ಟು ಓಡಿದರು. ವ್ಯಾಪಾರಿಗಳು ದಿಗಿಲುಬಿದ್ದು ಹಿಂದೆಯೇ ಓಡಿಬಂದು ತಾವೂ ಎರಡು ತಟ್ಟಿ ಎತ್ತಿದರು.

ಅಬಾ ಹೋದ ಮೇಲೆ ಮೂರು ಜನ ಮಕ್ಕಳಲ್ಲಿ ಕುರ್ಚಿಗೆ ಯಾರು ಎಂಬುದು ತೀರ್ಮಾನವಾಗಲಿಲ್ಲ. ಮೂವರೂ ಒಪ್ಪಿದ ಹೆಸರು ಕುಸ್ನಾನ್ ಒಂದೇ, ಏಕೆಂದರೆ ಅವರು ಮೂವರಲ್ಲಿ ಯಾರೂ ಅಲ್ಲ. ಹಿರಿಮಗಳು ಇಫ್ಫಾ, ದೊಡ್ಡಮನೆಯ ಮಗಳೆಂದು ನಾವೆಲ್ಲ ನಿಂಗ್ ಇಫ್ಫಾ ಎನ್ನುವವಳು, ಮಾಲೀಕರ ಪರವಾಗಿ ಮೇಲುಸ್ತುವಾರಿಗೆ ನಿಂತಳು. ಕೆಟ್ಟವಳಲ್ಲ ಆಕೆ. ಸುರಬಾಯಾದಿಂದ ವಾರಕ್ಕೆರಡು ದಿನ ಬರುತ್ತಾಳೆ, ಅಪ್ಪನ ಫೋಟೋದ ಧೂಳು ತಾನೇ ಒರೆಸುತ್ತಾಳೆ, ಆಮೇಲೆ ನಮ್ಮ ಪ್ರಾಣ ತಿನ್ನುತ್ತಾಳೆ.

ಮಳೆಗೆ ಈಗ ಹೊತ್ತು ಗೊತ್ತು ಉಳಿದಿಲ್ಲ. ಎರಡು ವರ್ಷ ಮೇಲಿಂದ ಮೇಲೆ ಸಂಡಿಗೆ ಬೂಸ್ಟು ಹಿಡಿಯಿತು. ಪುಕ್ಕದಂಥ ದೂರಿನ ಕಾಗದಗಳು ಹೆಚ್ಚಿದವು. ಒಣಗಿಸುವ ಯಂತ್ರ ತರಬೇಕು, ಇಲ್ಲವೇ ಬಾಗಿಲು ಮುಚ್ಚಬೇಕು ಎಂದು ವರದಿ ಬರೆದವರು ಕುಸ್ನಾನರೇ. ಯಂತ್ರ ಬಂದರೆ ಅಂಗಳದ ಎಂಬತ್ತನಾಲ್ಕು ಹೆಂಗಸರಿಗೆ ಕೆಲಸವಿಲ್ಲ. ಅದನ್ನೂ ಅವರೇ ಬರೆದರು. ಉಳಿದ ಮುನ್ನೂರು ಚಿಲ್ಲರೆ ಜನ ಉಳಿಯಬೇಕಾದರೆ ಬೇರೆ ದಾರಿ ಇಲ್ಲ ಎಂಬುದು ಅವರ ತೀರ್ಮಾನ. ಅದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ.

ಉಪವಾಸದ ತಿಂಗಳ ಕೊನೆಯ ವಾರದಲ್ಲಿ ಕೈಬರಹದ ಪಟ್ಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು.

"ಮುರ್, ಇದನ್ನ ನೀನೇ ಟೈಪ್ ಮಾಡು. ಬೇರೆಯವರ ಕೈಗೆ ಹೋಗೋದು ಬೇಡ."

ಮೊದಲ ಹೆಸರು ಕಸಿಯಾತುನ್. ನಾವೆಲ್ಲ ಮಾಕ್ ತುನ್, ಅಂದರೆ ತುನ್ ಅಮ್ಮ, ಅನ್ನುವ ಮುದುಕಿ. ನಿವೃತ್ತಿಯ ವಯಸ್ಸು ಕಾಗದದಲ್ಲಿ ಇದೆ, ಅಂಗಳದಲ್ಲಿ ಇಲ್ಲ, ಆಕೆಗೆ ಅರವತ್ತಾರು. ಹದಿನೇಳರ ಕುಸ್ನಾನರಿಗೆ ತಟ್ಟಿ ಹಿಡಿಯುವುದು ಕಲಿಸಿದವಳು, ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟವಳು.

"ಪಾಕ್, ಮಾಕ್ ತುನ್ ಹೆಸರಿದೆಯಲ್ಲ," ಎಂದೆ. ಪಾಕ್ ಎಂದರೆ ನಮ್ಮಲ್ಲಿ ಅಪ್ಪ, ಸಾಹೇಬರು ಎರಡೂ.

"ನಂಗೆ ಕಾಣಲ್ವಾ? ಬರೆದದ್ದು ನಾನೇ," ಎಂದು ಒಳಗೆ ಹೋದರು. ಆ ದಿನ ಅವರ ಕೋಣೆಯಿಂದ ನನ್ನನ್ನು ಕರೆಯುವ ಗಂಟೆ ಒಮ್ಮೆಯೂ ಕೇಳಲಿಲ್ಲ.

ಕೆಲಸದಿಂದ ತೆಗೆಯುವ ಪತ್ರ ಯಾವತ್ತು ಕೊಡುವುದು ಎಂಬ ಮಾತು ಬಂದಾಗ ನಾನೂ ಕೋಣೆಯಲ್ಲಿದ್ದೆ. ಹಬ್ಬದ ರಜೆ ಮುಗಿದು ಕಾರ್ಖಾನೆ ತೆರೆಯುವುದು ಸೋಮವಾರ. ಅವತ್ತೇ ಕೈಕುಲುಕುವ ದಿನ. ವರ್ಷವಿಡೀ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನೆಲ್ಲ, ಒಳಗಿನದು ಹೊರಗಿನದು ಎಲ್ಲವನ್ನೂ, ಕೈ ಹಿಡಿದು ಕ್ಷಮಿಸಿಕೊಳ್ಳುವುದು. ಆಮೇಲೆ ಯಾರ ಮೇಲೆ ಯಾರದೂ ಏನೂ ಉಳಿಯುವುದಿಲ್ಲ. ಆಟ ಶುರುವಾಗುವ ಮುಂಚಿನ ಚೆಂಡಾಟದ ಅಂಕದ ಹಲಗೆಯಂತೆ ಸೊನ್ನೆ-ಸೊನ್ನೆ.

"ಗುರುವಾರ ಪತ್ರ ಕೊಡೋಣ," ಎಂದಳು ನಿಂಗ್ ಇಫ್ಫಾ. "ಸೋಮವಾರ ಹೇಳಿದ್ರೆ ಎಲ್ಲರ ಹಬ್ಬ ಹಾಳಾಗುತ್ತೆ. ಅಲ್ಲೀವರೆಗೆ ಯಾರೂ ಬಾಯಿ ಬಿಡೋ ಹಾಗಿಲ್ಲ."

"ಸೋಮವಾರ ಕ್ಷಮೆ ತಗೊಂಡು ಗುರುವಾರ ಪತ್ರ ಕೊಡೋದಾ, ನಿಂಗ್?"

"ಕೈಕುಲುಕೋದು ಪದ್ಧತಿ, ಪಾಕ್. ಪತ್ರ ಕೊಡೋದು ಕೆಲಸ. ಎರಡನ್ನೂ ಕಲಸಬೇಡಿ. ನಿಮ್ಮನ್ನ ಆ ಕುರ್ಚೀಲಿ ಕೂರಿಸಿರೋದು ಇಂಥದಕ್ಕೇ."

ಕುಸ್ನಾನ್ ಕನ್ನಡಕ ತೆಗೆದು ಮೂಗಿನ ಮೇಲಿನ ಗುಳಿ ಉಜ್ಜಿಕೊಂಡರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ನೋಡು ಮುರ್, ಆ ಹೆಂಗಸರ ಕೈ ಹಿಡಿದ್ರೆ ಮೋಸ, ಹಿಡೀದಿದ್ರೆ ಅವಮಾನ. ಏನು ತಪ್ಪು ಅಂತ ಗೊತ್ತಿಲ್ದೇ ಅವರು ಕ್ಷಮಿಸಿಬಿಡ್ತಾರೆ. ಆಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಅಂಥ ಕ್ಷಮೆ ಕದ್ದ ಹಾಗೇ ಅಲ್ವಾ?"

"ರಜೆ ಹಾಕಿಬಿಡಿ. ಹೊಟ್ಟೆನೋವು ಅನ್ನಿ," ಎಂದೆ.

"ಡೈರೆಕ್ಟರಿಗೆ ಹೊಟ್ಟೆನೋವು ಬರೋ ಹಾಗಿಲ್ಲ," ಎಂದು ನಕ್ಕರು. ನಗುವಿನಲ್ಲಿ ನಗುವೇ ಇರಲಿಲ್ಲ.

ಸೋಮವಾರ ಅಂಗಳದ ತಟ್ಟಿಗಳನ್ನೆಲ್ಲ ಸರಿಸಿ ಶಾಮಿಯಾನ ಹಾಕಿದ್ದರು. ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನದ ಕಟ್ಟುಗಳು, ಕಾಯಿಹಾಲಿನ ಕೋಳಿ, ದೊಡ್ಡ ಪಾತ್ರೆಯಲ್ಲಿ ಸಿಹಿ ಚಹಾ. ಸಾಲಿನ ತಲೆಯಲ್ಲಿ ಕುಸ್ನಾನ್, ಪಕ್ಕದಲ್ಲಿ ನಿಂಗ್ ಇಫ್ಫಾ, ಆಮೇಲೆ ನಾನು. ಒಬ್ಬೊಬ್ಬರೇ ನಮ್ಮ ಕೈ ಹಿಡಿದು ಮುಂದೆ ಹೋಗಿ ಸಾಲಿನ ತುದಿಗೆ ನಿಲ್ಲುತ್ತಾರೆ. ಹಿಂದಿನವರು ಅವರ ಕೈ ಹಿಡಿಯುತ್ತಾರೆ. ಹೀಗೆ ಎಲ್ಲರ ಕೈಯೂ ಎಲ್ಲರ ಕೈಗೆ ಮುಟ್ಟುತ್ತದೆ. ಬಾಯ್ಲರಿನವರು ಬಂದರು, ಹೆಚ್ಚುವವರು ಬಂದರು, ಪ್ಯಾಕಿಂಗ್ ಹುಡುಗಿಯರು ಕಿಸಿಕಿಸಿ ನಗುತ್ತ ಬಂದರು. ಕುಸ್ನಾನ್ ಎಲ್ಲರ ಕೈಯನ್ನೂ ಎರಡೂ ಅಂಗೈಯಲ್ಲಿ ಹಿಡಿದು ತಲೆಬಾಗುತ್ತಿದ್ದರು.

ಆಮೇಲೆ ಅಂಗಳದ ಹೆಂಗಸರು ಬಂದರು. ಎಂಬತ್ತನಾಲ್ಕೂ ಜನ ಒಂದೇ ಥಾನಿನ ನೇರಳೆ ಬಟ್ಟೆ ಹೊಲಿಸಿಕೊಂಡಿದ್ದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಬದನೆಕಾಯಿ ಬುಟ್ಟಿ ಮಗುಚಿದ ಹಾಗಿದೆ ಎಂದು ನಾನು ಪಕ್ಕದವಳಿಗೆ ಪಿಸುಗುಟ್ಟಿದೆ. ಎಲ್ಲರಿಗಿಂತ ಮುಂದೆ ಮಾಕ್ ತುನ್. ಎರಡೂ ಕೈ ಜೋಡಿಸಿ ಮುಂದೆ ಚಾಚಿದಳು.

ಕುಸ್ನಾನ್ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಮಗಾ, ಕೈ ಎಲ್ಲಿ?" ಎಂದಳು ಮಾಕ್ ತುನ್.

"ಇವತ್ತು ಬೇಡ, ಮಾಕ್. ಶುಕ್ರವಾರ ಕಳೀಲಿ. ಆಗಲೂ ಹಿಡೀಬೇಕು ಅನ್ನಿಸಿದ್ರೆ ಹಿಡೀರಿ. ಇವತ್ತು ತಗೊಳ್ಳೋ ಯೋಗ್ಯತೆ ನನಗಿಲ್ಲ."

ಮುದುಕಿ ಒಂದು ಗಳಿಗೆ ಅವರ ಮುಖ ನೋಡಿದಳು. ಚಾಚಿದ ಕೈಗಳನ್ನು ಇಳಿಸಿ, ಒದ್ದೆಯೇನೂ ಆಗಿರದಿದ್ದರೂ ಹೊಸ ಬಟ್ಟೆಗೆ ಒರೆಸಿಕೊಂಡು ಮುಂದೆ ಹೋದಳು. ಅವಳ ಹಿಂದೆ ಎಂಬತ್ತಮೂರು ಜನ. ಪ್ರತಿಯೊಬ್ಬಳಿಗೂ ಕುಸ್ನಾನ್ ತಲೆಬಾಗಿದರು, ಕೈ ಬಿಚ್ಚಲಿಲ್ಲ.

"ಸಾಹೇಬ್ರು ಹೆಂಗಸರನ್ನ ಮುಟ್ಟಲ್ವಂತೆ ಕಣೇ, ಭಾರಿ ಧರ್ಮವಂತರಾಗಿಬಿಟ್ರು," ಎಂದಳು ಒಬ್ಬಳು, ಕೇಳಲಿ ಎಂದೇ.

"ಪ್ಯಾಕಿಂಗ್‌ನವರ ಕೈ ಮುಟ್ಟಿದ್ರಲ್ಲ," ಎಂದಳು ಅವಳ ಹಿಂದಿನವಳು. "ನಮ್ಮ ಕೈಲಿ ಸೀಗಡಿ ನಾತ."

ನಾನು ಎಂಬತ್ತನಾಲ್ಕು ಕೈಗಳನ್ನೂ ಹಿಡಿದೆ. ಎಲ್ಲರ ಹೆಸರೂ ನನಗೆ ಕ್ರಮವಾಗಿ ಬಾಯಿಪಾಠವಿತ್ತು, ಟೈಪ್ ಮಾಡಿದವಳು ನಾನೇ. "ಒಳಗಿನದು ಹೊರಗಿನದು ಕ್ಷಮಿಸು" ಎಂದೆ, "ಸೊನ್ನೆ-ಸೊನ್ನೆ ಕಣೇ" ಎಂದು ನಕ್ಕೆ. ಒಬ್ಬಳ ಎದುರೂ ಹಿಂಜರಿಯಲಿಲ್ಲ ಎಂಬುದನ್ನು ಇಲ್ಲಿ ಬರೆದುಬಿಡುತ್ತೇನೆ.

ಊಟದ ಹೊತ್ತಿಗೆ ನಿಂಗ್ ಇಫ್ಫಾ ಕುಸ್ನಾನರನ್ನು ಕೋಣೆಗೆ ಕರೆದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಏನಿದು ನೀವು ಮಾಡಿದ್ದು? ಎಲ್ಲರ ಎದುರು."

"ಮೋಸ ಮಾಡಲಿಲ್ಲ, ನಿಂಗ್. ಅಷ್ಟೇ. ಗುಟ್ಟನ್ನೂ ಹೇಳಲಿಲ್ಲ. ನಿಮ್ಮ ಮಾತೂ ಉಳೀತು, ನನ್ನ ಮನಸ್ಸೂ ಉಳೀತು."

"ಅಪ್ಪ ಇದ್ದಿದ್ರೆ ಏನು ಮಾಡ್ತಿದ್ರೋ," ಎಂದಳು.

ಗುರುವಾರ ಪತ್ರಗಳನ್ನು ಕುಸ್ನಾನ್ ತಾವೇ ಹಂಚಿದರು. ಸಿಬ್ಬಂದಿ ವಿಭಾಗದವರು ಕೊಡುತ್ತೇವೆ ಎಂದರೂ ಬಿಡಲಿಲ್ಲ. ಅಂಗಳದ ಚಪ್ಪರದಡಿ ನಿಂತು ಒಬ್ಬೊಬ್ಬಳ ಹೆಸರು ಹಿಡಿದು ಕರೆದು, ಏಕೆ ಎಂದು ವಿವರಿಸಿ, ಕಾನೂನಿನ ಪ್ರಕಾರ ಬರಬೇಕಾದದ್ದೆಲ್ಲ ಬರುತ್ತದೆ ಎಂದು ಹೇಳಿ ಕೊಟ್ಟರು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ನಿಂತೇ ಇದ್ದರು. ಗಲಾಟೆಗೆಂದು ಇಬ್ಬರು ಹೆಚ್ಚಿನ ಕಾವಲುಗಾರರನ್ನು ಕರೆಸಿದ್ದೆವು. ಗಲಾಟೆಯೇ ಆಗಲಿಲ್ಲ. ಹೆಂಗಸರು ಬಲಗೈಯಲ್ಲಿ ಪತ್ರ ತೆಗೆದುಕೊಂಡರು, "ಆಯ್ತು" ಎಂದರು, ಹೊರಟರು. ಯಾರೂ ಅಳಲಿಲ್ಲ, ಬೈಯಲಿಲ್ಲ, ತಲೆ ಎತ್ತಿ ನೋಡಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಶುಕ್ರವಾರ ಕಳೆಯಿತು. ಯಾರೂ ಕೈ ಹಿಡಿಯಲು ಬರಲಿಲ್ಲ. ಕುಸ್ನಾನ್ ಕಾರಿನಲ್ಲಿ ಕೂರುವ ಏಳೆಂಟು ನಿಮಿಷ ಇಪ್ಪತ್ತಾಯಿತು. ಊಟದ ಡಬ್ಬಿ ಬಂದ ಹಾಗೇ ವಾಪಸ್ ಹೋಗುತ್ತಿತ್ತು. ಅವರ ಹೆಂಡತಿ ನನಗೆ ಫೋನ್ ಮಾಡಿ, "ಆಫೀಸಲ್ಲಿ ಏನು ತಿನ್ನಿಸ್ತಿದ್ದೀರಿ ನಮ್ಮವರಿಗೆ?" ಎಂದು ಕೇಳಿದರು. ಏನೂ ಇಲ್ಲ, ತಮ್ಮನ್ನೇ ತಿಂದುಕೊಳ್ಳುತ್ತಿದ್ದಾರೆ ಎಂದೆ.

ಮುಂದಿನ ಬುಧವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಕುಸ್ನಾನ್ ಬಂದು, "ಮುರ್, ನಿನ್ನ ಬೈಕಲ್ಲಿ ಮಾಕ್ ತುನ್ ಮನೆಗೆ ಬಿಡ್ತೀಯಾ?" ಎಂದರು.

"ಕಾರಿದೆಯಲ್ಲ, ಪಾಕ್."

"ಕಾರಲ್ಲಿ ಹೋದ್ರೆ ಕಂಪನಿ ಹೋದ ಹಾಗಾಗುತ್ತೆ."

ಮೀನಿನ ಕೆರೆಗಳ ಏರಿಯ ಮೇಲೆ, ನನ್ನ ಹಳೇ ಬೈಕಿನ ಹಿಂದೆ, ಪ್ರಧಾನ ನಿರ್ದೇಶಕರು ಮೊಣಕಾಲು ನೋವಿಗೆ ಹಲ್ಲು ಕಚ್ಚಿಕೊಂಡು ಕೂತು ಬಂದರು. ಮಾಕ್ ತುನ್ ಜಗಲಿಯಲ್ಲಿ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಮನೆಮುಂದೆ ಎರಡು ಹಳೇ ತಟ್ಟಿಯಲ್ಲಿ ಮನೆಮಟ್ಟಿಗೆ ಮಾಡಿಕೊಂಡ ಸಂಡಿಗೆ ಒಣಗುತ್ತಿತ್ತು. ನಮ್ಮನ್ನು ನೋಡಿ ಎದ್ದಳು, ಚಾಪೆ ಹಾಸಿದಳು, ಚಹಾ ತಂದಿಟ್ಟಳು. ಮನೆಗೆ ಬಂದವರಿಗೆ ಅಷ್ಟು ಮಾಡದಿದ್ದರೆ ಆಗುತ್ತದೆಯೇ?

"ಮಾಕ್, ಶುಕ್ರವಾರ ಕಳೀತು," ಎಂದರು ಕುಸ್ನಾನ್.

"ಹೂಂ. ನಮ್ಮ ಮನೇಲೂ ಕ್ಯಾಲೆಂಡರ್ ಇದೆ."

"ಆವತ್ತು ನಿಮ್ಮ ಕೈ ಹಿಡಿದಿದ್ರೆ ಅದು ಮೋಸ ಆಗ್ತಿತ್ತು. ನಿಮಗೆ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ದೇ ಕ್ಷಮಿಸಿಬಿಡ್ತಿದ್ರಿ."

ಮಾಕ್ ತುನ್ ಹುಣಿಸೆಹಣ್ಣಿನ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಗೊತ್ತಿರಲಿಲ್ಲ ಅಂತ ನಿನಗೆ ಯಾರು ಹೇಳಿದ್ರು? ಉಪವಾಸದ ತಿಂಗಳಲ್ಲೇ ಗೋಡೌನಿನ ಹಿಂದೆ ಪಾಯ ತೋಡಿಸಿದ್ರಿ. ಅಷ್ಟು ದಪ್ಪ ಕರೆಂಟಿನ ಕಂಬ ನೆಡಿಸಿದ್ರಿ. ನಾವೇನು ಅದನ್ನ ಬಚ್ಚಲು ಅಂದ್ಕೊಂಡ್ವಾ? ನಾವು ದಿನಾ ಆಕಾಶ ನೋಡಿ ಮಳೆ ಹೇಳೋರು, ಮಗಾ. ಪಾಯ ನೋಡಿ ಯಂತ್ರ ಹೇಳೋಕೆ ಬರಲ್ವಾ?"

ಕುಸ್ನಾನರ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು.

"ಎಲ್ಲರಿಗೂ ಗೊತ್ತಿತ್ತಾ?"

"ಎಂಬತ್ತನಾಲ್ಕು ಜನಕ್ಕೂ. ಹಬ್ಬಕ್ಕೆ ಮುಂಚೆ ಇಲ್ಲೇ, ಈ ಜಗಲೀಲೇ ಕೂತು ಮಾತಾಡಿದ್ವಿ. ಕೆಲವರು ಅತ್ತರು, ಕೆಲವರು ನಿನ್ನ ವಂಶ ಜಾಲಾಡಿದ್ರು. ಕೊನೆಗೆ ನಾನೇ ಹೇಳ್ದೆ, ಅವನು ಕೆಟ್ಟವನಲ್ಲ, ಅವನ ಕುರ್ಚಿ ಹಾಗಿದೆ, ಸೋಮವಾರ ಎಲ್ಲರೂ ಹೋಗಿ ಕೈ ಹಿಡಿದು ಬಿಟ್ಟುಬಿಡೋಣ, ಸಿಟ್ಟು ಹೊತ್ಕೊಂಡು ಮನೆಗೆ ಹೋಗೋದು ಬೇಡ ಅಂತ. ಕಡೇ ಸಲ ಅಂತ ಗೊತ್ತಿದ್ದೇ ಒಂದೇ ಬಟ್ಟೆ ಹೊಲಿಸಿದ್ವಿ. ಗೊತ್ತಿದ್ದೇ ಕೈ ಚಾಚಿದ್ವಿ. ನೀನು ಹಿಂದಕ್ಕೆ ಕಟ್ಕೊಂಡೆ."

ಆಕೆಯ ದನಿ ಏರಲಿಲ್ಲ. ಅದೇ ಹೆಚ್ಚು ನೋಯಿಸಿತು. ಬದನೆಕಾಯಿ ಎಂದಿದ್ದ ನನ್ನ ನಾಲಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

"ನೀನು ಏನು ಕೆಲಸ ಮಾಡ್ತೀಯೋ ನಮಗೆ ಇವತ್ತಿಗೂ ಗೊತ್ತಿಲ್ಲ, ಮಗಾ," ಎಂದಳು ಮಾಕ್ ತುನ್. "ಹಿಟ್ಟು ಕಲಸಲ್ಲ, ಹೆಚ್ಚಲ್ಲ, ಒಣಗಿಸಲ್ಲ. ನಮಗೆ ಕಾಣೋ ಹಾಗೆ ವರ್ಷಕ್ಕೊಂದು ದಿನ ಮುಂದೆ ನಿಂತು ಕೈ ಚಾಚೋದೊಂದೇ ನಿನ್ನ ಕೆಲಸ. ಅದನ್ನೂ ಮಾಡಲಿಲ್ಲ. ಕೆಲಸ ಹೋಯ್ತು ಅಂತ ಗುರುವಾರ ಯಾರೂ ಅಳಲಿಲ್ಲ, ನೋಡಿದೆಯಲ್ಲ. ಅಳು ಸೋಮವಾರವೇ ಮುಗಿದಿತ್ತು."

ಕುಸ್ನಾನ್ ಲೋಟ ಕೆಳಗಿಟ್ಟರು. ಐವತ್ತೈದರ ಆ ಮನುಷ್ಯ ನನ್ನ ಕಣ್ಣೆದುರೇ ಇನ್ನೂ ಹತ್ತು ವರ್ಷ ಮುದುಕರಾದರು. ನನಗೆ ಅವರ ಮೇಲೆ ಕನಿಕರ ಬಂತು, ಸಿಟ್ಟೂ ಬಂತು. ಇಡೀ ಕಾರ್ಖಾನೆಯ ಭಾರ ಹೊತ್ತವರು ತಮ್ಮ ಮನಸ್ಸೊಂದನ್ನು ಶುಭ್ರವಾಗಿ ಇಟ್ಟುಕೊಳ್ಳಲು ಹೋಗಿ ಎಂಬತ್ತನಾಲ್ಕು ಜನರ ಮನಸ್ಸು ಮುರಿದಿದ್ದರು.

ಆಗಲೇ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಮಾಕ್ ತುನ್ ಮೂಗು ಎತ್ತಿದಳು. "ಮೋಡ," ಎಂದಳು, ಮೆಲ್ಲಗೆ.

ಕುಸ್ನಾನ್ ನೋವಿನ ಮೊಣಕಾಲನ್ನೂ ಮರೆತು ಎದ್ದು ಓಡಿ ಒಂದು ತಟ್ಟಿ ಎತ್ತಿಕೊಂಡರು. ಇನ್ನೊಂದನ್ನು ನಾನು ಎತ್ತಿದೆ.

"ಅಂಚು ಹಿಡಿ, ನಡು ಹಿಡೀಬೇಡ," ಎಂದು ಜಗಲಿಯಿಂದಲೇ ಬೈದಳು ಮುದುಕಿ. "ಮೂವತ್ತೆಂಟು ವರ್ಷ ಆಯ್ತು ಹೇಳಿಕೊಟ್ಟು."

ತಟ್ಟಿಗಳು ಒಳಗೆ ಬಂದ ಮೇಲೆ ಮಳೆ ಸುರಿಯತೊಡಗಿತು. ಕುಸ್ನಾನ್ ಆಕೆಯ ಎದುರು ಮಂಡಿಯೂರಿ ಎರಡೂ ಕೈ ಜೋಡಿಸಿ ಚಾಚಿದರು. ಮಾಕ್ ತುನ್ ಅವನ್ನು ನೋಡಿದಳು, ಹಿಡಿಯಲಿಲ್ಲ.

"ನನ್ನದು ಎಲ್ಲಿಗೂ ಹೋಗಲ್ಲ. ನಿನಗೆ ಬುತ್ತಿ ಕೊಟ್ಟವಳು ಕ್ಷಮೆ ಕೊಡಲ್ವಾ? ಆದ್ರೆ ನನ್ನ ಮಾತು ನಂಬಿ ಅವರೆಲ್ಲ ಕೈ ಚಾಚಿದ್ರು. ನನ್ನ ಹಿಂದೆ ಎಂಬತ್ತಮೂರು ಜನ ಇದ್ರು. ಮೊದಲು ಅವರ ಮನೆಗಳಿಗೆ ಹೋಗಿ ಬಾ. ಸಾಲಲ್ಲಿ ನಾನು ಮೊದಲು ನಿಂತಿದ್ದೆ, ಈಗ ಕೊನೇಗೆ ನಿಲ್ತೀನಿ."

ಮಾರನೆಯ ದಿನ ನಾನು ಆ ಪಟ್ಟಿಯನ್ನು ಮತ್ತೊಮ್ಮೆ ಟೈಪ್ ಮಾಡಿದೆ. ಈ ಸಲ ಕೆಲಸಕ್ಕೆ ಸೇರಿದ ವರ್ಷದ ಪ್ರಕಾರ ಅಲ್ಲ, ಕೇರಿಗಳ ಪ್ರಕಾರ. ಹಬ್ಬದ ತಿಂಗಳು ಮುಗಿಯುವುದರೊಳಗೆ ಮುಗಿಸಬೇಕೆಂದಿದ್ದರು. ಅದು ಮುಗಿದು ಹನ್ನೆರಡು ದಿನವಾಯಿತು. ಬಾಯ್ಲರಿನವನು, ಪುಕ್ಕದವನು, ಸಾವು, ಮದುವೆ ಯಾವುದೂ ಕಡಿಮೆಯಾಗಿಲ್ಲ. ಯಂತ್ರವೂ ಬಂದು ಕೂತು ಎರಡು ಸಲ ಕೆಟ್ಟಿದೆ. ಆದರೂ ಸಂಜೆ ಎರಡು ಮನೆ, ಸಾಧ್ಯವಾದರೆ ಮೂರು. ಆರು ಮನೆಯಲ್ಲಿ ಬಾಗಿಲೇ ತೆಗೆಯಲಿಲ್ಲ. ಒಬ್ಬಳು ಪಾತ್ರೆ ತೊಳೆದ ನೀರನ್ನು ನಮ್ಮ ಕಾಲ ಬಳಿ ಚೆಲ್ಲಿದಳು. ಉಳಿದವರು ಕೈ ಹಿಡಿದರು, ಕೆಲವರು ಊಟಕ್ಕೇ ಕೂರಿಸಿಬಿಟ್ಟರು. ನಿನ್ನೆಗೆ ಐವತ್ತೆಂಟು.

ವಿಚಿತ್ರವೆಂದರೆ ಬಾಗಿಲು ತೆಗೆದ ಪ್ರತಿ ಮನೆಯಲ್ಲೂ ನನ್ನನ್ನು ಅವರಿಗಿಂತ ಮೊದಲು ಒಳಗೆ ಕರೆಯುತ್ತಾರೆ. ನಿನ್ನೆ ಕೆರೆಯೇರಿಯ ಮೇಲೆ ಬರುವಾಗ ತಡೆಯಲಾರದೆ ಹೇಳಿಬಿಟ್ಟೆ.

"ಪಾಕ್, ಅವತ್ತು ನಾನು ಎಲ್ಲರ ಕೈನೂ ಹಿಡಿದೆ. ಪಟ್ಟಿ ಟೈಪ್ ಮಾಡಿದ್ದು ನಾನೇ ಆದ್ರೂ ನಕ್ಕೊಂಡು ಹಿಡಿದೆ. ನನ್ನದು ಸೊನ್ನೆ-ಸೊನ್ನೆ ಆಗಿಹೋಯ್ತು. ನಿಮ್ಮದು ಹೀಗಾಯ್ತು."

"ಗೊತ್ತು. ಪಕ್ಕದಲ್ಲೇ ಇದ್ನಲ್ಲ."

"ತಪ್ಪು ಮಾಡಿದೆ ಅನ್ಸುತ್ತೆ."

ಹಿಂದೆ ಕೂತವರು ಮೊಣಕಾಲು ಸರಿಮಾಡಿಕೊಂಡರು.

"ಅವರು ಕೈ ಚಾಚಿದಾಗ ನಮ್ಮ ಕಡೆಯಿಂದ ನಿನ್ನ ಕೈಯಾದ್ರೂ ಇತ್ತಲ್ಲ, ಮುರ್," ಎಂದರು. ಆಮೇಲೆ ಜೇಬಿನಿಂದ ಮಡಿಸಿ ಮಡಿಸಿ ಹರಿದುಹೋದ ಪಟ್ಟಿ ತೆಗೆದು, ಕನ್ನಡಕ ಮೇಲೆ ಸರಿಸಿ, ಮುಂದಿನ ಮನೆ ಯಾರದೆಂದು ಓದತೊಡಗಿದರು.